ಹೆಸರು ಅಳಿಸಿದ ಪತ್ರ

2019ರ ಮಾರ್ಚ್ 12, ಮಂಗಳವಾರ, ಮಧ್ಯಾಹ್ನ 3 ಗಂಟೆ 40 ನಿಮಿಷ. ಉತ್ತರ ಮಿನೆಸೋಟಾದ ಸಣ್ಣ ಊರಿನಲ್ಲಿ, ಬಟ್ಟೆಯನ್ನು ತಾವೇ ಯಂತ್ರಕ್ಕೆ ಹಾಕಿ ಒಗೆದುಕೊಳ್ಳುವ ಲಾಂಡ್ರಿಯಲ್ಲಿ ವರ್ನಾ ಬಟ್ಟೆ ಒಣಗುವುದನ್ನೇ ಕಾಯುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ಹೈಸ್ಕೂಲಿನ ಇಬ್ಬರು ಹುಡುಗಿಯರು ಜಗಳವಾಡುತ್ತಿದ್ದರು.

“ಕೈಸಾ ಬರೆದ ಕ್ಷಮಾಪಣೆ ಪತ್ರಾನ ನಮ್ಮ ಯೂತ್ ಕೋರ್ಟ್ ವೆಬ್‌ಸೈಟಿಗೆ ಹಾಕಿದ್ದೀಯಲ್ಲ ರೋಸ್ಲಿನ್, ತಲೆ ನೆಟ್ಟಗಿದೆಯಾ ನಿಂಗೆ?”

“ಹೆಸರು ಅಳಿಸಿದ್ದೀನಿ ಕಣೇ ಐಲಾ. ಯೂತ್ ಕೋರ್ಟಲ್ಲಿ ಮಕ್ಕಳ ತಪ್ಪನ್ನ ಮಕ್ಕಳೇ ವಿಚಾರಿಸ್ತಾರೆ ಅಂದ್ರೆ ಯಾರೂ ನಂಬಲ್ಲ. ಒಂದು ಸಾಕ್ಷಿ ಬೇಡ್ವಾ?”

“‘ಆಕ್ಸಿಜನ್ ಸಿಲಿಂಡರ್ ಎಳ್ಕೊಂಡು ಓಡಾಡೋ ನಮ್ಮಜ್ಜಿಗೋಸ್ಕರ ಕೈಗವಸು ಕದ್ದೆ’ ಅಂತಿದೆ. ಅಂಥ ಅಜ್ಜಿ ಈ ಊರಲ್ಲಿ ಎಷ್ಟು ಜನ ಇದ್ದಾರೆ, ಹೇಳು?”

ರೋಸ್ಲಿನ್ ಬಟ್ಟೆಚೀಲದ ದಾರ ಬಿಗಿಯತೊಡಗಿದಳು.

“ಅದು ಆ ಅಂಗಡಿಯವನಿಗೆ ಮಾತ್ರ ಅಂತ ಬರೆದ ಪತ್ರ. ಗುಟ್ಟು ಬಿಟ್ಕೊಡಲ್ಲ ಅಂತ ಕೈಯೆತ್ತಿ ಪ್ರಮಾಣ ಮಾಡಿದ್ವಿ, ನೀನೂ ಮಾಡಿದ್ದೆ!”

“ಎಲ್ಲರೂ ಮೆಚ್ಕೊಂಡ್ರು...”

“ನಿನ್ನೆಯಿಂದ ಅವಳು ಶಾಲೆಗೇ ಬಂದಿಲ್ಲ. ಕದ್ದಿದ್ದಕ್ಕೆ ಇಪ್ಪತ್ತು ಗಂಟೆ ಅಂಗಡಿ ಗುಡಿಸಿದ್ಲು. ಇದಕ್ಕೆ ನೀನೆಷ್ಟು ಗುಡಿಸ್ತೀಯಾ, ಮಹಾತಾಯಿ?”

ರೋಸ್ಲಿನ್ ಫೋನ್ ತೆಗೆದು, ಪುಟವನ್ನು ಅಳಿಸಿದಳು. ಇಬ್ಬರೂ ಬಟ್ಟೆಚೀಲ ಹೊತ್ತು ಕೈಸಾಳ ಮನೆಯ ಕಡೆಗೆ ಹೊರಟರು.

ಆ ಹೈಸ್ಕೂಲಿನಲ್ಲಿ ಓದುವವರು 240 ಮಂದಿ. ಪುಟ ಅಳಿಯುವ ಮುನ್ನ ರೋಸ್ಲಿನ್‌ಳ ಫೋನಿನಲ್ಲಿ, ಪತ್ರದ ಕೆಳಗೆ, ಪಕ್ಕದಲ್ಲಿದ್ದ ವರ್ನಾಳಿಗೆ ಕಂಡ ಓದುಗರ ಸಂಖ್ಯೆ 612.