ಫಾರ್ಮಾಲಿನ್‌ಗೆ ಹಾಕ್ಬೇಡಿ

ಹಲೋ? ಆಪರೇಷನ್ ಥಿಯೇಟರಾ? ಯಾರು ಮಾತಾಡ್ತಿರೋದು?... ನಾನಮ್ಮ, ಕೆಳಗಡೆ ಲ್ಯಾಬಿಂದ. ಕ್ರಿಮಿ ಪರೀಕ್ಷೆ ಮಾಡ್ತೀನಲ್ಲ, ಅವಳೇ.

...

ಹಾಂ, ಸಿಸ್ಟರ್, ನೀವೇನಾ! ಒಳ್ಳೇದಾಯ್ತು. ಒಳಗೆ ಟೇಬಲ್ ಮೇಲೆ ಗಡಿಯಾರ ರಿಪೇರಿಯವರು ಇದ್ದಾರಲ್ವಾ? ಬಲಗಣ್ಣು ಊದಿದೆಯಲ್ಲ, ಸೈನಸ್ಸಿಂದ ಪರೀಕ್ಷೆಗೆ ಮಾಂಸದ ಚೂರು ತೆಗೀತಿದ್ದಾರಲ್ಲ, ಅವರು... ತೆಗೆದಾಯ್ತಾ? ಇನ್ನೂ ಇಲ್ವಾ? ಅಬ್ಬ, ಈಗ ಉಸಿರು ಬಂತು ನೋಡಿ.

...

ಒಂದೇ ಮಾತು ಕೇಳಿ. ಚೂರನ್ನ ಪೂರ್ತಿ ಫಾರ್ಮಾಲಿನ್‌ಗೆ ಹಾಕ್ಬೇಡಿ. ಅರ್ಧ ಅದಕ್ಕೆ, ಅರ್ಧ ಬರೀ ಉಪ್ಪುನೀರಿಗೆ. ಟ್ರೇನಲ್ಲಿ ಸಲೈನ್ ಇದೆಯಲ್ಲ, ಅದೇ. ಎರಡು ಬಾಟಲಿ ಬೇಕು ನನಗೆ.

...

ಯಾವಾಗಲೂ ಒಂದೇ ಬಾಟಲಿ, ಗೊತ್ತಮ್ಮ. ಹೋದ ಸಲ ಎಡವಟ್ಟಾಗಿದ್ದೇ ಅಲ್ಲಿ. ಫಾರ್ಮಾಲಿನ್ ಮಾಂಸ ಕೆಡದ ಹಾಗೆ ಇಡುತ್ತೆ, ನಿಜ. ಆದ್ರೆ ಅದರೊಳಗಿನ ಕ್ಷಯದ ಕ್ರಿಮಿನೂ ಸತ್ತೋಗುತ್ತೆ. ಸತ್ತಿದ್ದನ್ನ ನಾನು ಹೇಗೆ ಬೆಳೆಸಿ ತೋರಿಸ್ಲಿ, ಹೇಳಿ?

...

ಹೂಂ, ಕ್ಷಯನೇ. ಟೀಬಿ. ಮೂಗಿನ ಹತ್ರ ಟೀಬಿ ಬರುತ್ತಾ ಅಂತ ನಗ್ಬೇಡಿ. ಅಪರೂಪ, ಆದ್ರೆ ಬರುತ್ತೆ.

...

ಡಾಕ್ಟ್ರು ಒಪ್ಪಲ್ವಾ? ಕೇಳಿದ್ರಾ?... ಕೇಳೇ ಇಲ್ಲ, ಮುಖ ನೋಡಿ ಹೇಳ್ತಿದ್ದೀರಾ! ಫೋನ್ ಅವರಿಗೇ ಕೊಡಿ. ಕೈಯಲ್ಲಿ ಗ್ಲೌಸ್ ಇದ್ರೆ ಸ್ಪೀಕರ್‌ಗೆ ಹಾಕಿ. ಬೈದ್ರೆ ನನಗೆ ತಾನೇ ಬೈಯೋದು, ನಿಮಗೇನು.

...

ನಮಸ್ಕಾರ ಸಾರ್, ಲ್ಯಾಬಿಂದ ಮಾತಾಡ್ತಿರೋದು... ಹೌದು, ಈಗಲೇ ಮಾತಾಡ್ಬೇಕು. ಆಮೇಲೆ ಅಂದ್ರೆ ಚೂರು ಬಾಟಲಿಗೆ ಬಿದ್ದುಹೋಗಿರುತ್ತೆ.

...

ಎಕ್ಸ್‌ರೇಲಿ ಶ್ವಾಸಕೋಶ ಚೆನ್ನಾಗಿದೆ, ಕೆಮ್ಮಿಲ್ಲ, ಎಲ್ಲ ಗೊತ್ತು ಸಾರ್. ಅವರ ಹೆಂಡತಿ ನನ್ನ ಕಿಟಕಿ ಹತ್ರಾನೇ ನಿಂತಿದ್ದಾರೆ. 'ನಮ್ಮನೆಯವರು ಒಂದು ಸಲ ಕೂಡ ಕೆಮ್ಮಿಲ್ಲ' ಅಂತ ಪಾಪ ಆಣೆ ಇಟ್ಟು ಹೇಳ್ತಿದ್ದಾರೆ. ಎದೆ ಚೆನ್ನಾಗಿದ್ರೆ ಸೈನಸ್ಸಿಗೆ ಕಾಲಿಡಬಾರದು ಅಂತ ಆ ಕ್ರಿಮಿಗೆ ಯಾರು ಹೇಳಿದ್ರು?

...

ಇಲ್ಲ, ನಾನು ಡಾಕ್ಟ್ರಲ್ಲ. ಕತ್ತರಿ ನಿಮ್ಮ ಕೈಲೇ ಇದೆ. ಆದ್ರೆ ಇಪ್ಪತ್ತೆರಡು ವರ್ಷದಿಂದ ಈ ಕ್ರಿಮಿಗೆ ಊಟ ಹಾಕಿ ಬೆಳೆಸಿದ್ದೀನಿ ಸಾರ್. ನನ್ನ ಹೊಟ್ಟೇಲಿ ಹುಟ್ಟಿದ ಮಕ್ಕಳಿಗೆ ಏನು ಸೇರುತ್ತೆ, ಏನು ಸೇರಲ್ಲ ಅನ್ನೋದೇ ನನಗೆ ಇಷ್ಟು ಚೆನ್ನಾಗಿ ಗೊತ್ತಿಲ್ಲ.

...

ಮೂಗು ತೂರಿಸ್ತಿದ್ದೀನಾ? ಸದ್ಯಕ್ಕೆ ಇನ್ನೊಬ್ಬರ ಮೂಗಿಗೆ ಕ್ಯಾಮೆರಾ ತೂರಿಸಿರೋರು ನೀವು.

...

ಕೋಪ ಮಾಡ್ಕೊಳ್ಳಿ, ಆದ್ರೆ ಕೇಳಿ. ಎಂಟು ತಿಂಗಳ ಹಿಂದೆ ಮೊದಲನೇ ಸಲ ಚೂರು ತೆಗೆದ್ರಲ್ಲ, ಅದನ್ನ ಸೀಳಿ ನೋಡಿದ ಪೆಥಾಲಜಿಯವರ ರಿಪೋರ್ಟ್ ಈಗ ನನ್ನ ಮುಂದಿದೆ. ಎರಡನೇ ಹಾಳೆ, ಕೊನೇ ಸಾಲು. 'ಕ್ಷಯದಲ್ಲಿ ಕಾಣುವಂಥ ಗಂಟುಗಳಿವೆ, ಹಸಿ ಚೂರು ಕಳುಹಿಸಿ.' ಓದಿದ್ರಾ ಸಾರ್?... ಮೊದಲನೇ ಹಾಳೆ ಓದಿದ್ರಿ. ಅಲರ್ಜಿ ಅಂತ ಎಂಟು ತಿಂಗಳು ಸ್ಪ್ರೇ ಕೊಟ್ರಿ. ನಾಳೆಯಿಂದ ಸ್ಟೀರಾಯ್ಡ್ ಮಾತ್ರೆ ಅಂತೆ. ಟೀಬಿ ಇದ್ದು ಬರೀ ಸ್ಟೀರಾಯ್ಡ್ ಕೊಟ್ರೆ ಕ್ರಿಮಿ ಹಬ್ಬುತ್ತೆ, ಕಣ್ಣು ಹೋದ್ರೂ ಹೋಯ್ತು. ಗಡಿಯಾರದವರಿಗೆ ಆ ಬಲಗಣ್ಣೇ ಅಂಗಡಿ. ಭೂತಗನ್ನಡಿ ಸಿಕ್ಕಿಸ್ಕೊಂಡು ಕೂದಲೆಳೆಯಷ್ಟು ಸ್ಪ್ರಿಂಗ್ ಹುಡುಕೋದು ಆ ಕಣ್ಣಲ್ಲೇ.

...

ಬರೀ ನಿಮ್ಮ ತಪ್ಪು ಅಂತ ನಾನೆಲ್ಲಿ ಅಂದೆ? ನನ್ನದೂ ಇದೆ. ಆವತ್ತು ಪೆಥಾಲಜಿಯವರು ನೋಡಿ ಉಳಿದ ಚೂರು, ಅದೇ ಬಾಟಲಿ, ನನ್ನ ಮೇಜಿಗೇ ಬಂದಿತ್ತು. ಮುಚ್ಚಳ ತೆಗೆದ ಕೂಡಲೇ ಫಾರ್ಮಾಲಿನ್ ವಾಸನೆ ರಪ್ಪಂತ ಹೊಡೀತು. ಏನು ಮಾಡ್ದೆ ಗೊತ್ತಾ? 'ಪರೀಕ್ಷೆಗೆ ಯೋಗ್ಯವಲ್ಲ' ಅಂತ ಚೀಟಿ ಮೇಲೆ ಸೀಲು ಹೊಡೆದು ಊಟಕ್ಕೆ ಎದ್ದುಹೋದೆ. ಒಂದು ಫೋನ್ ಮಾಡ್ಲಿಲ್ಲ. ದೊಡ್ಡ ಡಾಕ್ಟ್ರ ವಿಷಯ, ನಮಗ್ಯಾಕೆ ಅಂತ. ಇವತ್ತು ಆ ಹೆಂಗಸು ಅದೇ ಸೀಲಿನ ಮೇಲೆ ಬೆರಳಿಟ್ಟು 'ಇದೇನು ಬರೆದಿದೆ ಅಕ್ಕಾ, ನಮಗೆ ಯಾರೂ ಹೇಳೇ ಇಲ್ಲ' ಅಂದ್ರು. ನೆಲ ಬಾಯಿ ಬಿಡಬಾರದಾ ಅನ್ನಿಸ್ತು ಸಾರ್. ಅದಕ್ಕೇ ಇವತ್ತು ನೀವು ಏನೇ ಅಂದ್ರೂ ಫೋನ್ ಇಡೋಳಲ್ಲ ನಾನು.

...

ದೂರು ಕೊಡ್ತೀರಾ? ಧಾರಾಳವಾಗಿ ಕೊಡಿ. 'ಎರಡು ಬಾಟಲಿ ಕೇಳಿದಳು' ಅಂತ ಬರೀರಿ, ನಾನೇ ಸಹಿ ಹಾಕ್ತೀನಿ. ಟೀಬಿ ಅಲ್ಲ ಅಂತ ಬಂದ್ರೆ ಎಲ್ಲರ ಮುಂದೆ ತಪ್ಪಾಯ್ತು ಅಂತೀನಿ. ಆದ್ರೆ ನೋಡದೇನೇ ಅಲ್ಲ ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ.

...

ಸಾರ್?... ಸಿಸ್ಟರ್, ಏನದು ಪಿಸುಗುಟ್ತಿರೋದು?... ಏನಂದ್ರಿ? ಪೇಷೆಂಟ್ ಎಚ್ಚರ ಇದ್ದಾರಾ? ಬರೀ ಮೂಗು ಮರಗಟ್ಟಿಸಿರೋದಾ? ಅಯ್ಯೋ ದೇವರೇ. ಅಂದ್ರೆ ನಾನು ಹೇಳಿದ್ದೆಲ್ಲ ಕೇಳಿಸ್ಕೊಂಡ್ರಾ?

...

ಬೇಡ, ಸ್ಪೀಕರ್ ತೆಗೀಬೇಡಿ. ಕೇಳಿದ್ದು ಕೇಳಿಯಾಯ್ತು, ಇನ್ನು ಮುಚ್ಚಿಟ್ಟು ಏನು? ಯಜಮಾನ್ರೇ, ಕೇಳಿಸ್ತಿದೆಯಾ? ಮೂಗಲ್ಲಿ ಹತ್ತಿ ಇದೆ, ನಿಧಾನ ಮಾತಾಡಿ.

...

ಹೌದು, ಟೀಬಿ ಇರಬಹುದು. ಇದೆ ಅಂತ ಹೇಳ್ತಿಲ್ಲ, ನೋಡ್ಬೇಕು ಅಂತಿದ್ದೀನಿ. ಇದ್ರೆ ಔಷಧಿ ಇದೆ, ತಿಂಗಳುಗಟ್ಟಲೆ ತಪ್ಪದೆ ನುಂಗ್ಬೇಕು, ವಾಸಿ ಆಗುತ್ತೆ. ತಲೆ ತಗ್ಗಿಸೋ ಕಾಯಿಲೆ ಅಲ್ಲ ಇದು. ತಗ್ಗಿಸಬೇಕಾದ್ರೆ ನಾವು ತಗ್ಗಿಸ್ಬೇಕು.

...

ಕಣ್ಣಾ?... ಕಣ್ಣು ಉಳಿಯುತ್ತೆ ಅಂತ ನಾನು ಮಾತು ಕೊಡಲ್ಲ. ನನಗೆ ಗೊತ್ತಿಲ್ಲ. ಉಪ್ಪುನೀರಲ್ಲಿ ಚೂರು ಬಂದ್ರೆ ಕ್ರಿಮಿ ಹುಡುಕೋ ಮೆಷಿನ್ನಿಗೆ ಹಾಕಿ ಸಂಜೆಗೇ ಒಂದು ಉತ್ತರ ತರ್ತೀನಿ. ಮೆಷಿನ್ನಿಗೆ ಸಿಗ್ಲಿಲ್ಲ ಅಂದ್ರೆ ಆರು ವಾರ ಆದ್ರೂ ಕಾದು ಬೆಳೆಸಿ ನೋಡ್ತೀನಿ. ಮಾಂಸ ನಿಮ್ಮದು ಯಜಮಾನ್ರೇ, ಅದು ಯಾವ ಬಾಟಲಿಗೆ ಹೋಗ್ಬೇಕು ಅಂತ ಹೇಳೋ ಹಕ್ಕೂ ನಿಮ್ಮದೇ. ಡಾಕ್ಟ್ರು ಪಕ್ಕದಲ್ಲೇ ಇದ್ದಾರೆ, ಹೇಳಿ.

...

ಇನ್ನೂ ಸ್ವಲ್ಪ ಜೋರಾಗಿ... ಹಾಂ! ಕೇಳಿಸ್ತಾ ಸಾರ್? ಎರಡು ಬಾಟಲಿ ಅಂದ್ರು. ಈಗ ಹೇಳಿದ್ದು ಲ್ಯಾಬಿನವಳಲ್ಲ, ಟೇಬಲ್ ಮೇಲೆ ಮಲಗಿರೋರು.

...

ಸರಿ ಸಾರ್. ಥ್ಯಾಂಕ್ಸ್... ದೂರು ಮಾತ್ರ ಬಂದೇ ಬರುತ್ತಾ? ಬರ್ಲಿ. ಚೂರು ಮೊದಲು ಬರ್ಲಿ.

...

ಸಿಸ್ಟರ್, ತೆಗೆದ್ರಾ? ಎರಡಕ್ಕೂ ಹಾಕಿದ್ರಾ? ಖಂಡಿತಾನಾ?... ಇಲ್ಲ, ಯಾರ ಕೈಲೂ ಕಳಿಸ್ಬೇಡಿ, ನಾನೇ ಮೆಟ್ಟಿಲು ಹತ್ತಿ ಬರ್ತಿದ್ದೀನಿ. ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಉಪ್ಪುನೀರಿನ ಬಾಟಲಿನ ಅವರಿಗೇ ತೋರಿಸಿ... ಎಡಗಡೆ ಅಲ್ಲಮ್ಮ, ಆ ಕಣ್ಣು ನೆಟ್ಟಗಿದೆ. ಎಡಗಣ್ಣು ಮುಚ್ಚಿ, ಬಲಗಣ್ಣ ಮುಂದೆ ಹಿಡೀರಿ. ಕಾಣ್ತಿದೆಯಾ ಕೇಳಿ.

...

ಮಸುಕಾಗಿ? ಮಸುಕಾಗಿ ಆದ್ರೂ ಕಾಣ್ತಿದೆ ಅಲ್ವಾ! ಯಜಮಾನ್ರೇ, ಅಷ್ಟು ಸಾಕು. ಅಷ್ಟಿದ್ರೆ ನಾವಿನ್ನೂ ಸೋತಿಲ್ಲ. ಫೋನ್ ಇಡ್ತೀನಿ, ಬಂದೆ.