ಮಣಿಪಾಲಕ್ಕೆ ಎಷ್ಟು ನಿಮಿಷ

ಕಾಪು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದವರು ಮುಂಬೈ ಬಿಟ್ಟು ಈ ಕಡೆ ಮನೆ ಹುಡುಕುತ್ತಿದ್ದ ಗಂಡ ಹೆಂಡತಿ. ಕೊಂಕಣಿ ನನಗೂ ಅರ್ಥವಾಗುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಬಸ್ಸಿನ ಹೊತ್ತು ಅಳೆದು ಊರು ಆರಿಸುವ ಮನುಷ್ಯನನ್ನು ನಾನು ನೋಡಿದ್ದು ಇದೇ ಮೊದಲು.

"ಕಾರ್ಕಳದಿಂದ ಮಣಿಪಾಲದ ಆಸ್ಪತ್ರೆಗೆ ಒಂದು ಗಂಟೆ ಹಿಡಿಯಿತು. ಆ ಊರು ಬೇಡ, ಝೀಟಾ. ಇಲ್ಲಿಂದ ಎಷ್ಟು ಅಂತ ಇವತ್ತು ನೋಡುವ."

"ನಿಮಗೆ ಬೇಕಾದದ್ದು ಮನೆಯಾ, ಆಸ್ಪತ್ರೆಯ ಮಂಚವಾ?"

"ಹೃದಯ ನಿಂತರೆ ಒಂದೊಂದು ನಿಮಿಷವೂ ಮುಖ್ಯ."

"ನಿಮ್ಮ ಎದೆನೋವು ಗ್ಯಾಸ್ ಅಂತ ಡಾಕ್ಟರು ಹೇಳಿದ್ದಲ್ವಾ?"

"ಈಗ ಗ್ಯಾಸ್. ಮುಂದೆ?"

"ಶಿರ್ವದಲ್ಲಿ ನನ್ನ ಅಕ್ಕ ಇದ್ದಾಳೆ, ಪ್ರಾರ್ಥನೆಗೆ ಇಗರ್ಜಿ ಉಂಟು. ಬಿದ್ದರೆ ನೆರೆಯವರು ಓಡಿ ಬರುತ್ತಾರೆ. ಇಲ್ಲಿ ನೀವು ನೋಡಿದ ನಾಲ್ಕನೇ ಮಾಳಿಗೆಯ ಫ್ಲ್ಯಾಟಿಗೆ ಯಾರು ಬರುವುದು, ಲಿಫ್ಟಾ?"

"ಶಿರ್ವ ಹೈವೇಯಲ್ಲಿ ಇಲ್ಲ."

"ಮೂವತ್ತು ವರ್ಷ ನಿಮ್ಮ ಆಫೀಸಿಗೆ ಹತ್ತಿರ ಅಂತ ಮುಂಬೈಯ ಆ ಗೂಡಿನಲ್ಲಿ ಇದ್ದೆ. ಇನ್ನು ನಿಮ್ಮ ಸಾವಿಗೆ ಹತ್ತಿರ ಇರಬೇಕಾ? ನನಗೆ ಮಾತಾಡಲು ಜನ ಬೇಕು ಮಾರಾಯ್ರೆ."

"ಜೀವ ಉಳಿದರೆ ಮಾತಾಡಬಹುದು."

ಅಷ್ಟರಲ್ಲಿ ಶಿರ್ವದ ಬಸ್ಸು ಬಂತು. ಆಕೆ ಚೀಲ ಎತ್ತಿಕೊಂಡು ಹತ್ತಿಯೇ ಬಿಟ್ಟಳು.

"ಝೀಟಾ, ಅದು ನಮ್ಮ ಬಸ್ಸಲ್ಲ."

"ನನ್ನದು ಇದೇ."

ಬಸ್ಸು ಹೊರಟಿತು. ಆ ಮನುಷ್ಯ ಮೊಬೈಲನ್ನು ಜೇಬಿಗೆ ತುರುಕಿ, ಹೆದ್ದಾರಿಯವರೆಗೂ ಅದರ ಹಿಂದೆ ಓಡಿ, ಬಾಗಿಲ ಕಂಬಿ ಹಿಡಿದು ಹತ್ತಿದ. ನಾನು ಎದ್ದು ನಿಂತು ನೋಡಿದೆ. ಹೃದಯ ಏನೂ ನಿಲ್ಲಲಿಲ್ಲ.