ಏಳನೇ ಗೂಟ

"ಹಲೋ... ಹಾಂ, ಕಂಪ್ಯೂಟರ್ ರಿಪೇರಿ ಅಂಗಡೀನೇ. ಯಾರು ಮಾತಾಡ್ತಿರೋದು?"

...

"ಹೇಳಿ ಮೇಡಂ. ಮದರ್‌ಬೋರ್ಡ್ ಹೋಗಿದ್ಯಾ? ಬೋರ್ಡ್ ಮಾತ್ರ ಬದಲಾಯಿಸ್ಬೇಕು, ಮಿಕ್ಕಿದ್ದೆಲ್ಲ ಹಳೇದೇ ಇರ್ಬೇಕು, ಖರ್ಚೂ ಕಮ್ಮಿ ಆಗ್ಬೇಕು. ಅಲ್ವಾ? ಎಲ್ರೂ ಕೇಳೋದು ಅದನ್ನೇ ಬಿಡಿ. ಕ್ಯಾಬಿನೆಟ್ ಯಾವ್ದು?"

...

"ಬೂದು ಬಣ್ಣದ್ದಾ... ಪಕ್ಕದ ಬಾಗಿಲು ನಿಲ್ಲಲ್ಲ ಅಂತ ದಾರ ಕಟ್ಟಿದೆ... ಕೆಂಪು ದಾರಾನಾ? ... ನೀನಾ?"

ಅವನು ಕೈಲಿದ್ದ ಬ್ರಷ್ಷನ್ನು ಕೆಳಗಿಟ್ಟ. ಆ ದನಿ ಕೇಳಿ ಮೂರು ವರ್ಷವಾಗಿತ್ತು. ಹೆಂಡತಿಯನ್ನು ದನಿಯಿಂದ ಗುರುತಿಸಲಾಗದೆ ದಾರದಿಂದ ಗುರುತಿಸಿದ ಗಂಡ ಬೇರೆಲ್ಲೂ ಸಿಗಲಿಕ್ಕಿಲ್ಲ. ಆ ದಾರ ಕಟ್ಟಿದವನು ಅವನೇ. ಮಗಳಿಗೆಂದು ಆ ಪೆಟ್ಟಿಗೆಯನ್ನು ಅಲ್ಲಿಂದೊಂದು ಇಲ್ಲಿಂದೊಂದು ಭಾಗ ಹೊಂದಿಸಿ ಕೂಡಿಸಿದವನೂ ಅವನೇ.

"ಮೇಡಂ ಅಂದೆ, ಗೊತ್ತಾಗ್ಲಿಲ್ಲ. ನೀನೂ ಸರ್ ಅಂದ್ಯಲ್ಲ. ಮೊದ್ಲು 'ರೀ' ಅಂತಿದ್ದೆ... ... ಸರಿ ಸರಿ. ಫೋನಲ್ಲಿ ಚಾರ್ಜ್ ಇಲ್ವಾ? ಕರೆಂಟೂ ಇಲ್ವಾ? ಬೇಗ ಮುಗಿಸ್ತೀನಿ, ಹೇಳು."

...

"ಸೋಮವಾರ ಪುಟ್ಟಿ ಡ್ರಾಯಿಂಗ್ ಕೊಡ್ಬೇಕಾ? ಮನೆ ನಕ್ಷೆ ಎಲ್ಲಾ ಬರೀತಾಳಾ ಈಗ! ... ಪಕ್ಕದಲ್ಲೇ ಇದಾಳಾ? ಒಂದ್ನಿಮಿಷ ಕೊಡ್ತೀಯಾ?"

...

"ಬೇಡ ಅಂದ್ಲಾ... ಇರ್ಲಿ. ಇರ್ಲಿ ಬಿಡು. ಬಲವಂತ ಮಾಡ್ಬೇಡ."

ಬೇರೆಯವರ ಕಂಪ್ಯೂಟರುಗಳು ಗೋಡೆಗೊರಗಿ ಸಾಲಾಗಿ ನಿಂತಿದ್ದವು. ಅವನು ಅವುಗಳ ಕಡೆ ತಿರುಗಿದ. ಅಳು ಬಂದಾಗ ಕೆಲಸದ ಮಾತಾಡುವುದು ಅವನ ಹಳೆಯ ಚಾಳಿ.

"ನೋಡು, ಹೊಸ ಬೋರ್ಡ್ ಮಾತ್ರ ತಗೋಬೇಡ. ನಿನ್ನ ಹಳೇ ಪ್ರೊಸೆಸರ್ ಅದ್ರಲ್ಲಿ ಕೂರಲ್ಲ, ರ‍್ಯಾಮ್ ಕೂರಲ್ಲ. ಆಮೇಲೆ ಒಂದೊಂದಾಗಿ ಎಲ್ಲಾ ತಗೋಬೇಕಾಗತ್ತೆ. ಅದೇ ಮಾದರಿದು ಸೆಕೆಂಡ್ ಹ್ಯಾಂಡ್ ಸಾಕು. ಹಾರ್ಡ್‌ಡಿಸ್ಕ್ ಹಾಗೇ ಇಟ್ಕೋ, ಅವಳ ಡ್ರಾಯಿಂಗ್ ಎಲ್ಲಾ ಅದ್ರಲ್ಲಿದೆ. ಬೋರ್ಡ್ ನನ್ನ ಹತ್ರಾನೇ ಒಂದಿದೆ, ತಂದು ಹಾಕ್ಕೊಡ್ಲಾ? ಅರ್ಧ ಗಂಟೆ ಕೆಲಸ."

...

"ಬರ್ಬೇಡ ಅಂದ್ರೆ ಬರಲ್ಲ. ಕಳಿಸ್ಕೊಡ್ತೀನಿ. ... ಬೋರ್ಡ್ ಯಾರು ಬಿಚ್ಚಿದ್ದು? ನೀನೇ ಬಿಚ್ಚಿದ್ಯಾ? ಪರವಾಗಿಲ್ವೇ! ನನ್ನ ಸ್ಕ್ರೂಡ್ರೈವರ್ ಅಲ್ಲೇ ಇದ್ಯಾ ಇನ್ನೂ?"

...

"ಮೇಜು ಅಲುಗಿದ್ರೆ ಆಫ್ ಆಗ್ತಿತ್ತು, ನಿನ್ನೆ ಸುಟ್ಟ ವಾಸನೆ ಬಂತು... ಹಾಂ. ಮತ್ತೆ ಅವಳು ನೀರು ಗೀರು ಚೆಲ್ಲಿಲ್ಲ ತಾನೇ?"

ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡ. ಮೂರು ವರ್ಷದ ಹಿಂದೆ ಅವತ್ತು ಮಗಳು ನೀರು ತಂದಿಟ್ಟಿದ್ದು ಅವನಿಗೇ, ಕೆಲಸ ಮಾಡಿ ಬಾಯಾರಿದ್ದೀಯೆಂದು. ಅದೇ ಹೊತ್ತಿಗೆ ಕಂಪ್ಯೂಟರ್ ಸತ್ತಿತು. ಮೇಜಿನ ಮೇಲೆ ನಾಲ್ಕು ಹನಿ ಕಂಡವು. ತಾನು ಕೂಡಿಸಿದ ಯಂತ್ರ ತಾನಾಗಿ ಕೆಡುವುದುಂಟೇ? ಅವಳು ಚೆಲ್ಲಿಲ್ಲ ಎಂದಳು. ಅವನು ನೆಂಟರೆದುರಿಗೇ ಸುಳ್ಳಿ ಎಂದ. ಅವಳು ಮಾತು ಬಿಟ್ಟಳು. ಮಗುವಿಗೆ ಒಂದು ಸಲ ತಪ್ಪಾಯ್ತು ಅನ್ನಿ ಎಂದು ಹೆಂಡತಿ ವಾರಗಟ್ಟಲೆ ಹೇಳಿದಳು. ಅವನು ಇನ್ನೊಂದು ಬೋರ್ಡ್ ಹಾಕಿಕೊಟ್ಟು, ಉಪಕರಣದ ಚೀಲ ಹೆಗಲಿಗೇರಿಸಿ ಹೊರಟುಬಂದಿದ್ದ.

"ಸುಮ್ನೆ ಕೇಳ್ದೆ ಕಣೇ, ಬೇಜಾರು ಮಾಡ್ಕೋಬೇಡ... ... ಏನು? ಆ ರೂಮಿಗೆ ನೀರೇ ತರಲ್ವಾ? ಅವತ್ತಿಂದಾನಾ? ... ಬಾಯಾರಿದ್ರೆ ಎದ್ದು ಅಡುಗೆಮನೆಗೆ ಹೋಗಿ ಕುಡಿದು ಬರ್ತಾಳಾ..."

...

"ಇದೀನಿ, ಕೇಳಿಸ್ತಿದೆ. ... ಬೋರ್ಡ್ ಕೈಲಿದ್ಯಾ? ತಿರುಗಿಸಿ ಹಿಂಭಾಗ ನೋಡು. ಎಲ್ಲಾದ್ರೂ ಕಪ್ಪಗಾಗಿದ್ಯಾ?"

...

"ಎಲ್ಲಿ? ರ‍್ಯಾಮ್ ಕೂರೋ ಕಡೆ, ಕೆಳಗಿನ ಮೂಲೇಲಾ? ಉಗುರಷ್ಟು ಅಗಲಾನಾ? ಸರಿಯಾಗಿ ನೋಡಿ ಹೇಳು... ... ಅಲ್ಲೇನಾ?"

ಮೂರು ವರ್ಷದ ಹಿಂದೆ ಸತ್ತ ಬೋರ್ಡಿನ ಹಿಂದೆಯೂ ಇದೇ ಜಾಗದಲ್ಲಿ ಇಷ್ಟೇ ಕಲೆಯಿತ್ತು. ನೀರಿನ ಕಲೆ ಎಂದು ಅವನೇ ತೀರ್ಪು ಕೊಟ್ಟಿದ್ದ.

"ಕ್ಯಾಬಿನೆಟ್ ಒಳಗೆ ನೋಡು. ಬೋರ್ಡ್ ಕೂತಿದ್ದ ತಗಡಿನ ಮೇಲೆ ಹಿತ್ತಾಳೆ ಗೂಟ ಇವೆ, ಸಣ್ಣಸಣ್ಣವು. ಎಣಿಸು. ... ಏಳಾ? ಇನ್ನೊಂದ್ಸಲ ಎಣಿಸು. ಬೆರಳಿಟ್ಟು ಎಣಿಸು ಮಾರಾಯ್ತಿ! ... ಏಳು. ಬೋರ್ಡಲ್ಲಿ ಸ್ಕ್ರೂ ಹಾಕೋ ತೂತು?"

...

"ಆರು."

ಅವನು ಸ್ಟೂಲ್ ಎಳೆದುಕೊಂಡು ಕೂತ. ಎಷ್ಟು ತೂತೋ ಅಷ್ಟೇ ಗೂಟ ಇರಬೇಕು. ಹೆಚ್ಚಿನ ಗೂಟ ಉಳಿದರೆ ಬೋರ್ಡಿನ ಬೆನ್ನಿಗೆ ತಾಗಿ ಇವತ್ತಲ್ಲ ನಾಳೆ ಸುಡುತ್ತದೆ. ಆ ಪೆಟ್ಟಿಗೆಯಲ್ಲಿ ಮೊದಲಿದ್ದ ದೊಡ್ಡ ಬೋರ್ಡಿಗೆ ಒಂಬತ್ತು ಗೂಟಗಳಿದ್ದವು; ಮಗಳಿಗೆಂದು ಚಿಕ್ಕ ಬೋರ್ಡ್ ಕೂರಿಸುವಾಗ ಮೂರನ್ನು ತೆಗೆಯಬೇಕಿತ್ತು. ಅವನು ಎರಡನ್ನು ತೆಗೆದಿದ್ದ. ಬೇರೆಯವರು ಕೂಡಿಸಿದ ಪೆಟ್ಟಿಗೆಯಲ್ಲಿ ಇಂಥದ್ದು ಕಂಡರೆ "ಯಾವ ಪುಣ್ಯಾತ್ಮನ ಕೈಚಳಕವಪ್ಪಾ ಇದು" ಎಂದು ಆಡಿಕೊಂಡು ನಗುವವನು. ಎರಡನೇ ಬೋರ್ಡ್ ಹಾಕುವಾಗಲೂ ನೋಡಲಿಲ್ಲ. ನೀರು ಎಂದು ತೀರ್ಮಾನಿಸಿದ ಮೇಲೆ ನೋಡುವುದೇನಿದೆ?

"ಕೇಳಿಸ್ಕೋ. ಆ ಏಳನೇ ಗೂಟ ಬಿಚ್ಚಿ ತೆಗಿ. ಅದನ್ನ ತೆಗೀದೆ ಯಾವ ಬೋರ್ಡೂ ಹಾಕ್ಬೇಡ, ಅದೂ ಸುಡತ್ತೆ. ... ಯಾಕೆ ಅಂದ್ರೆ... ಪುಟ್ಟಿಗೆ ಕೊಡು ಫೋನ್."

...

"ಬರಲ್ಲ ಅಂದ್ರೆ ಸ್ಪೀಕರ್‌ಗೆ ಹಾಕು. ನಿಂಗೆ ಕೈಮುಗೀತೀನಿ, ಹಾಕು. ... ಹಾಕಿದ್ಯಾ? ಕೇಳಿಸ್ತಿದ್ಯಾ ಅವಳಿಗೆ?"

...

"ಪುಟ್ಟೀ... ಅಪ್ಪ. ಅವತ್ತು ನೀನು ನೀರು ಚೆಲ್ಲಿರ್ಲಿಲ್ಲ ಕಂದ. ಒಂದು ಗೂಟ ತೆಗೀದೆ ಬಿಟ್ಟಿದ್ದೆ ನಾನು. ಅವತ್ತಿಂದೂ ನಾನೇ ಸುಟ್ಟಿದ್ದು, ನಿನ್ನೇದೂ ನಾನೇ. ನೀನು ನಿಜಾನೇ ಹೇಳಿದ್ದೆ. ಸುಳ್ಳಿ ಅಂದ್ಬಿಟ್ಟೆ, ಎಲ್ರ ಮುಂದೆ... ತಪ್ಪು ನಂದು. ತಪ್ಪಾಯ್ತು ಪುಟ್ಟಿ."

ಆ ಕಡೆ ಕುರ್ಚಿ ಸರಿದ ಸದ್ದಾಯಿತು. ಅವನು ಫೋನನ್ನು ಕಿವಿಗೊತ್ತಿಕೊಂಡ. ಮೂರು ವರ್ಷ ಯಾವ ಮಾತನ್ನು ಆಡೆನೆಂದು ಹಟ ಹಿಡಿದಿದ್ದನೋ, ಆಡಿದ ಮೇಲೆ ಅದು ಇಷ್ಟೇ ಇಷ್ಟಿತ್ತು.

"ಹಾಂ? ... ಏನಂದೆ ಮಗಳೇ? ... ಹೂಂ. ನೀನು ಅವತ್ತೇ ಹೇಳಿದ್ದೆ. ... ಹೌದಮ್ಮಾ, ಅಳ್ತಾ ಅಳ್ತಾ ಹೇಳಿದ್ದೆ."

...

"ಯಾಕೆ ನಂಬ್ಲಿಲ್ಲ ಅಂದ್ರೆ..."

ಗೋಡೆಯ ಸಾಲಿನಲ್ಲಿ ಯಾವುದೋ ಕಂಪ್ಯೂಟರಿನ ಫ್ಯಾನು ತಿರುಗುತ್ತಿತ್ತು. ಅವನಿಗೆ ಕೆಲಸದ ಮಾತು ಒಂದೂ ನೆನಪಿಗೆ ಬರಲಿಲ್ಲ.

"ಯಾಕೆ ಅಂದ್ರೆ ಪುಟ್ಟಿ, ನಾನು... ನಂಗೆ ನನ್ನ ಕೈಕೆಲಸದ ಮೇಲೆ... ... ಹಲೋ? ಪುಟ್ಟಿ? ಚಾರ್ಜ್ ಹೋಯ್ತಾ? ಕೇಳಿಸ್ತಿದ್ಯಾ? ... ಹಲೋ, ಇನ್ನೂ ಹೇಳಿಲ್ಲ ಕಣಮ್ಮಾ... ಹಲೋ..."